‘ದಿ ಬ್ಲ್ಯಾಕ್ ಹರ್ಮಿಟ್’: ಪಾತ್ರ ಹಂಚುವ ಮುನ್ನ

ಕೆನ್ಯಾದ ಗೂಗಿ ವಾ ಥಿಯಾಂಗೊ ಬರೆದ ಈ ನಾಟಕ 1962ರಲ್ಲಿ ಕಂಪಾಲಾದಲ್ಲಿ ರಂಗಕ್ಕೆ ಬಂತು. ಮೂರು ಅಂಕ: ಹಳ್ಳಿ, ಪೇಟೆ, ಮತ್ತೆ ಹಳ್ಳಿ. ಧಾರವಾಡದ ಕಾಲೇಜು ತಂಡ ಆಡುವುದಾದರೆ ಮೊದಲು ಥೋನಿಯನ್ನು ಆರಿಸಿ, ನಾಯಕ ರೆಮಿ ಆಮೇಲೆ. ಅಣ್ಣ ಸತ್ತ ಮೇಲೆ ಕುಲದ ಕಟ್ಟಳೆಯಂತೆ ರೆಮಿ ಮದುವೆಯಾದ ಅತ್ತಿಗೆ ಅವಳು. ಅವಳನ್ನು ಬಿಟ್ಟು ಅವನು ಪೇಟೆ ಸೇರುತ್ತಾನೆ. ಕೊನೆಗೆ ಅವಳ ಸಾವಿನ ಮೇಲೆಯೇ ನಾಟಕ ನಿಲ್ಲುತ್ತದೆ. ಹಾಗಾಗಿ ಸುಮ್ಮನೆ ಅಳುವವಳು ಸಾಲದು, ಸುಮ್ಮನೆ ಕೂತರೂ ನೋಡಿಸಿಕೊಳ್ಳುವವಳು ಬೇಕು.

ಭಾಷೆಯನ್ನು ತಾಲೀಮಿನ ಮೊದಲ ದಿನವೇ ಗೊತ್ತುಮಾಡಿ. ತಾಯಿ ನ್ಯೋಬಿ, ಹಿರಿಯರು ಅಪ್ಪಟ ಧಾರವಾಡದ ಮಾತಾಡಲಿ. ಪೇಟೆಯ ಗೆಳತಿ ಜೇನ್, ಗೆಳೆಯ ಒಮಾಂಗೆ ಎದುರು ರೆಮಿಯದು ಪುಸ್ತಕದ ಕನ್ನಡ. ಮೂರನೇ ಅಂಕದಲ್ಲಿ ಊರವರ ಮುಂದೆ ಅದನ್ನೇ ಮುಂದುವರಿಸಿ, ತಾಯಿಯ ಎದುರು ಮಾತ್ರ ‘ಯವ್ವಾ’ ಎಂದು ಜಾರಲಿ. ಎಲ್ಲರಿಗೂ ಒಂದೇ ಕನ್ನಡ ಕೊಟ್ಟರೆ ಹಳ್ಳಿ-ಪೇಟೆಯ ಬಿರುಕೇ ಕಾಣುವುದಿಲ್ಲ.

ಹೆಚ್ಚು ಕೆಡುವುದು ಹಿರಿಯರ ಪಾತ್ರ. ಕಂಪನಿ ನಾಟಕದ ರೂಢಿಯಲ್ಲಿ ಅವರನ್ನು ನಗೆಪಾತ್ರ ಮಾಡಿಬಿಡುತ್ತಾರೆ. ಆಗ ರೆಮಿ ಸಲೀಸಾಗಿ ಗೆದ್ದುಬಿಡುತ್ತಾನೆ, ನಾಟಕ ಭಾಷಣವಾಗುತ್ತದೆ. ಓದಿದ ಮಗ ಹೊಸ ಸರ್ಕಾರದ ಕಾಲದಲ್ಲಿ ಕುಲದ ಕೈಹಿಡಿಯಲಿ ಎಂಬ ಅವರ ಆಸೆಯಲ್ಲಿ ತೂಕವಿದೆ. ಅವನನ್ನು ಕರೆತರಲು ಅವರು ಮದ್ದು ಕಳಿಸುತ್ತಾರೆ, ಪಾದ್ರಿ ಬೈಬಲ್ ಒಯ್ಯುತ್ತಾನೆ. ಎರಡನ್ನೂ ಒಂದೇ ಎತ್ತರದ ಮೇಜಿನ ಮೇಲಿಡಿ.

ಮುಖಕ್ಕೆ ಕಪ್ಪು ಬಳಿಯಬೇಡಿ, ಅದು ಅಣಕವಾಗುತ್ತದೆ. ಹೆಸರು ಕೆನ್ಯಾದ್ದೇ ಇರಲಿ, ಕೌದಿ-ಕಂಬಳಿ ನಮ್ಮದಾದರೂ ನಡೆಯುತ್ತದೆ.