ಚರ್ಚ್‌ನಲ್ಲಿ ಡಬಲ್ ಬೇಸ್ ಮತ್ತು ಪಿಯಾನೋ: ಕಛೇರಿಗೆ ನಾನು ಮಾಡಿಕೊಳ್ಳುವ ತಯಾರಿ

ವಯಲಿನ್ ಬಳಗದ ಅತಿ ದೊಡ್ಡ, ಅತಿ ತಗ್ಗಿನ ನಾದದ ವಾದ್ಯವಾದ ಡಬಲ್ ಬೇಸ್ ನುಡಿಸುವವರಿಗೆ ಚರ್ಚ್ ಸುಲಭದ ಜಾಗವಲ್ಲ. ಕಲ್ಲಿನ ಗೋಡೆ, ಎತ್ತರದ ಚಾವಣಿ, ನುಣುಪು ನೆಲ ಇವೆಲ್ಲ ಸೇರಿ ಹುಟ್ಟಿಸುವ ಮಾರ್ದನಿ ಹಾಡುವವರಿಗೆ, ವಯಲಿನ್‌ಗೆ ಒತ್ತಾಸೆಯಾಗುತ್ತದೆ. ಬೇಸ್‌ಗೆ ಮಾತ್ರ ತೊಡಕು. ಬೆಂಚುಗಳ ಮೇಲೆ ಜನ ತುಂಬಿದರೆ ಅವರ ಮೈ, ಬಟ್ಟೆ ಹೀರಿಕೊಳ್ಳುವುದು ಮೇಲಿನ ಸ್ವರಗಳನ್ನು. ನೂರು ಹರ್ಟ್ಸ್‌ಗಿಂತ (ಸೆಕೆಂಡಿಗೆ ನೂರು ಕಂಪನ) ಕೆಳಗಿನದು ಬಹುಪಾಲು ಹಾಗೇ ಉಳಿದು ಸುತ್ತುತ್ತಿರುತ್ತದೆ. ಕೃತಿಗಳ ಆಯ್ಕೆಯಿಂದ ಪಿಯಾನೋ ಮುಚ್ಚಳದವರೆಗೆ ನನ್ನ ತೀರ್ಮಾನಗಳೆಲ್ಲ ಈ ಕಾರಣಕ್ಕೇ ಬಗ್ಗುತ್ತವೆ. ಬೆಂಗಳೂರು ದಂಡು ಪ್ರದೇಶದ ಹಳೆಯ ಚರ್ಚುಗಳು, ಮಂಗಳೂರು ಕಡೆಯ ಇಗರ್ಜಿಗಳು ಇಲ್ಲಿ ನನ್ನ ಮನಸ್ಸಿನಲ್ಲಿವೆ.

ಮೊದಲು ಅನುಮತಿ. ಕ್ಯಾಥೊಲಿಕ್ ಇಗರ್ಜಿಯಾದರೆ 1987ರಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆಗಳಿವೆ: ಪ್ರವೇಶ ಉಚಿತವಾಗಿರಬೇಕು, ಸಂಗೀತ ಪವಿತ್ರವೋ ಧಾರ್ಮಿಕವೋ ಆಗಿರಬೇಕು, ಕಲಾವಿದರು ಬಲಿಪೀಠದ ಆವರಣದೊಳಗೆ ನಿಲ್ಲಬಾರದು, ಮನವಿಯನ್ನು ಮುಂಚಿತವಾಗಿ ಬರವಣಿಗೆಯಲ್ಲೇ ಕೊಡಬೇಕು. ಹಾಗಾಗಿ ಅಲ್ಲಿ ಇಟಲಿಯ ಬೇಸ್ ವಾದಕ, ಸಂಯೋಜಕ ಬೊತ್ತೆಸೀನಿ ಆಪೆರಾ ಹಾಡುಗಳ ಮೇಲೆ ಕಟ್ಟಿದ ಫ್ಯಾಂಟಸಿಗಳನ್ನು ಪಟ್ಟಿಯಲ್ಲಿ ಹಾಕುವುದೇ ಬೇಡ. ಬಾಖ್‌ನ ನಿಧಾನ ಚಲನೆಗಳು, ಯಹೂದಿ ಪ್ರಾರ್ಥನೆಯ ರಾಗವನ್ನು ಆಧರಿಸಿದ ಬ್ರುಖ್‌ನ ‘ಕೋಲ್ ನಿದ್ರೈ’ ಇಂಥವನ್ನು ಮುಂದಿಡಬಹುದು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚುಗಳಲ್ಲಿ ಸಭಾಪಾಲಕರನ್ನೂ ಪ್ಯಾಸ್ಟೊರೇಟ್ ಸಮಿತಿಯನ್ನೂ ಕೇಳಬೇಕು. ಯಾವ ಪಂಗಡವಾದರೂ ಪವಿತ್ರ ವಾರವನ್ನು ಬಿಟ್ಟುಬಿಡಿ.

ಈಗ ಶ್ರುತಿ. ಬೇಸ್‌ನ ಸಾಮಾನ್ಯ ಶ್ರುತಿ ಕೆಳಗಿನಿಂದ ಇ, ಎ, ಡಿ, ಜಿ. ಚರ್ಚ್‌ನಲ್ಲಿ ನಾನು ಸೋಲೋ ಶ್ರುತಿಯನ್ನೇ ಬಯಸುತ್ತೇನೆ: ಒಂದು ಪೂರ್ಣ ಸ್ವರ ಮೇಲೆ, ಅಂದರೆ ಎಫ್ ಶಾರ್ಪ್, ಬಿ, ಇ, ಎ. ನಾದ ಬಿಗಿಯಾಗಿ ಮುಂದಕ್ಕೆ ಬರುತ್ತದೆ, ಮಾರ್ದನಿಯಲ್ಲಿ ಕರಗುವುದು ಕಡಿಮೆ. ಆದರೆ ಹಾಕಿರುವ ಆರ್ಕೆಸ್ಟ್ರಾ ತಂತಿಗಳನ್ನೇ ತಿರುವಿ ಏರಿಸಬೇಡಿ. ಒಂದು ಪೂರ್ಣ ಸ್ವರ ಏರಿಸಿದರೆ ಎಳೆತ ಶೇ. 26ರಷ್ಟು ಹೆಚ್ಚುತ್ತದೆ, ಆ ಭಾರವೆಲ್ಲ ತಂತಿಗಳನ್ನು ಎತ್ತಿಹಿಡಿಯುವ ಮರದ ಕುದುರೆಯ ಮೂಲಕ ಮೇಲ್ಹಲಗೆಯ ಮೇಲೆ ಬೀಳುತ್ತದೆ. ತೆಳುವಾದ ಸೋಲೋ ತಂತಿಗಳ ಸೆಟ್ ಬೇರೆಯೇ ಸಿಗುತ್ತದೆ. ಅದನ್ನು ಕಛೇರಿಗೆ ಒಂದು ವಾರ ಮುಂಚೆಯಾದರೂ ಹಾಕಬೇಕು, ಅದೂ ಒಂದೊಂದೇ ತಂತಿಯಾಗಿ. ನಾಲ್ಕನ್ನೂ ಒಟ್ಟಿಗೆ ಸಡಿಲಿಸಿದರೆ ಒಳಗೆ ಅಂಟಿಲ್ಲದೆ ನಿಂತಿರುವ ಮರದ ಕಡ್ಡಿ, ಸೌಂಡ್‌ಪೋಸ್ಟ್, ಬಿದ್ದುಹೋಗಬಹುದು. ಬಿರಡೆ ತಿರುವಿದಷ್ಟೂ ತಂತಿ ಕುದುರೆಯ ತಲೆಯನ್ನು ಫಿಂಗರ್‌ಬೋರ್ಡ್ (ಬೆರಳೊತ್ತುವ ಹಲಗೆ) ಕಡೆಗೆ ಎಳೆಯುತ್ತದೆ. ಪ್ರತಿ ಸಲ ಪಕ್ಕದಿಂದ ನೋಡಿ, ವಾಲಿದ್ದರೆ ಎರಡೂ ಕೈಯಿಂದ ಹಿಂದಕ್ಕೆ ತನ್ನಿ.

ಇಲ್ಲಿ ಆಗುವ ದೊಡ್ಡ ಎಡವಟ್ಟು ಪಿಯಾನೋದವರ ಸ್ವರಲಿಪಿ ಪ್ರತಿಯದು. ಕೂಸೆವಿಟ್ಸ್ಕಿ ಬೇಸ್‌ಗಾಗಿ ಬರೆದ ಕನ್ಸರ್ಟೋ ಸೋಲೋ ಶ್ರುತಿಯಲ್ಲಿ ಎಫ್ ಶಾರ್ಪ್ ಮೈನರ್ ಆಗಿ ಕೇಳುತ್ತದೆ, ಸಾಮಾನ್ಯ ಶ್ರುತಿಯಲ್ಲಿ ಇ ಮೈನರ್. ಬೊತ್ತೆಸೀನಿಯ ಎರಡನೆಯ ಕನ್ಸರ್ಟೋ ಬಿ ಮೈನರ್, ಇಲ್ಲವೇ ಎ ಮೈನರ್. ಬೇಸ್ ನುಡಿಸುವವರ ಹಾಳೆ ಎರಡಕ್ಕೂ ಒಂದೇ, ಬದಲಾಗುವುದು ಪಿಯಾನೋದ್ದು. ಪಿಯಾನೋದವರಿಗೆ ಪ್ರತಿ ಕಳಿಸುವಾಗ ಮೊದಲ ಪುಟದ ಕೀ ಸಿಗ್ನೇಚರ್, ಅಂದರೆ ಸಾಲಿನ ಆರಂಭದ ಶಾರ್ಪ್ ಗುರುತುಗಳನ್ನು, ಎಣಿಸಿಯೇ ಕಳಿಸಿ. ಅಭ್ಯಾಸದ ದಿನ ಗೊತ್ತಾದರೆ ತಡವಾಯಿತು.

ಚರ್ಚ್‌ನ ಪಿಯಾನೋ ವರ್ಷಗಟ್ಟಲೆ ಶ್ರುತಿ ಕಾಣದೆ ಅದರ ಎ ಸ್ವರ 432 ಹರ್ಟ್ಸ್‌ಗೆ ಇಳಿದಿದ್ದರೆ, ಅದು ವಾಡಿಕೆಯ 440ಕ್ಕಿಂತ ಸುಮಾರು 32 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಕೆಳಗೆ. ಒಂದೇ ಸುತ್ತಿನಲ್ಲಿ ಏರಿಸಿದರೆ ನಿಲ್ಲುವುದಿಲ್ಲ. ಪಿಯಾನೋ ಶ್ರುತಿ ಮಾಡುವ ಟ್ಯೂನರ್‌ಗೆ ಎರಡು ಭೇಟಿಯ ಹಣ ಕೊಡಿ: ಒಂದು ವಾರ ಮೊದಲು ಒರಟಾಗಿ ಏರಿಸಲು, ಕಛೇರಿಯ ದಿನ ಬೆಳಿಗ್ಗೆ ಸರಿಪಡಿಸಲು. ಪಿಯಾನೋವನ್ನು ಸರಿಸುವುದೆಲ್ಲ ಎರಡನೆಯ ಭೇಟಿಗೆ ಮುಂಚೆಯೇ ಮುಗಿದಿರಲಿ.

ಜಾಗ ಪರೀಕ್ಷಿಸಲು ಚಪ್ಪಾಳೆ ತಟ್ಟುವ ರೂಢಿ ಇದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ; ಚಪ್ಪಾಳೆ ಹೇಳುವುದು ಮೇಲಿನ ಸ್ವರಗಳ ಕಥೆ. ಕೆಳಗಿನ ತಂತಿಯನ್ನು ಕಮಾನಿನಿಂದ ಚಿಕ್ಕದಾಗಿ, ಜೋರಾಗಿ ಎಳೆದು ಅಂಗೈಯಿಂದ ತಕ್ಷಣ ಅಮುಕಿ. ಮೂರನೇ ಎರಡು ಭಾಗ ಹಿಂದೆ ಕೂತವರು ನಾದ ಪೂರ್ತಿ ಅಡಗುವವರೆಗೆ ಎಣಿಸಲಿ. ಮೊಬೈಲ್ ರೆಕಾರ್ಡಿಂಗ್ ಇದಕ್ಕೆ ಬಾರದು, ಅದರ ಮೈಕ್‌ಗೆ ಅಷ್ಟು ತಗ್ಗಿನ ಸ್ವರ ಸರಿಯಾಗಿ ಹಿಡಿಯುವುದಿಲ್ಲ. ಮೂರು ಸೆಕೆಂಡ್ ದಾಟಿದರೆ ವೇಗದ ಭಾಗಗಳನ್ನು ಕಾರ್ಯಕ್ರಮದಿಂದ ತೆಗೆಯುವುದೇ ವಾಸಿ. ಎಕ್ಲ್ಸ್ ಸೊನಾಟಾದ ನಿಧಾನದ ಲಾರ್ಗೋ ಅಲ್ಲಿ ಸೊಗಸಾಗಿ ನಿಲ್ಲುತ್ತದೆ, ಕೊನೆಯ ಅತಿವೇಗದ ಪ್ರೆಸ್ಟೋ ಕಲಸುಮೇಲೋಗರ. ಬಿಡಲು ಮನಸ್ಸಿಲ್ಲದಿದ್ದರೆ ವೇಗ ತಗ್ಗಿಸಿ, ಕಮಾನಿನ ಹೊಡೆತ ಗಿಡ್ಡ ಮಾಡಿ.

ಹಿಂದಿನ ಗೋಡೆಯ ದೂರವೂ ಲೆಕ್ಕಕ್ಕೆ ಬರುತ್ತದೆ. ಎಫ್ ಶಾರ್ಪ್ ತಂತಿಯ ಕಂಪನ ಸುಮಾರು 46 ಹರ್ಟ್ಸ್, ಅಲೆಯ ಉದ್ದ 7.4 ಮೀಟರ್. ಅದರ ಕಾಲು ಭಾಗ, ಅಂದರೆ 1.85 ಮೀಟರ್ ಹಿಂದೆ ಗೋಡೆ ಇದ್ದರೆ ತಿರುಗಿ ಬರುವ ಅಲೆ ನೇರ ಅಲೆಗೆ ಎದುರಾಗಿ ಆ ಸ್ವರ ಬಡಕಲಾಗುತ್ತದೆ. ಅರ್ಧ ಮೀಟರ್ ಹಿಂದೆ ಮುಂದೆ ಸರಿದು ನೋಡಿ, ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಗ್ರ್ಯಾಂಡ್ ಪಿಯಾನೋ ಆದರೆ ಕೀಬೋರ್ಡ್ ಸಭಿಕರ ಎಡಕ್ಕೆ, ಬೇಸ್ ಅದರ ಬಾಗಿನ ಮುಂದೆ. ಆಗ ಕಮಾನಿನ ಕೈ ಪಿಯಾನೋದವರ ಕಣ್ಣಿಗೆ ಸದಾ ಬೀಳುತ್ತದೆ, ಬೇರೆ ಸನ್ನೆ ಬೇಕಾಗುವುದಿಲ್ಲ. ಮುಚ್ಚಳವನ್ನು ಸ್ವಲ್ಪವೇ ಎತ್ತಿ ನಿಲ್ಲಿಸುವ ಗಿಡ್ಡ ಕಡ್ಡಿ ಸಾಕು. ನಾದ ಉಳಿಸುವ ಪೆಡಲ್ ಅರ್ಧಕ್ಕೆ ಒತ್ತಿದರೆ ಸಾಕು, ಬೇಸ್ ಕೆಳಗಿನ ತಂತಿಯಲ್ಲಿದ್ದಾಗ ಎಡಗೈಯ ಆಕ್ಟೇವ್‌ಗಳಿಗೆ ಪೆಡಲ್ ಬೇಡವೇ ಬೇಡ.

ಟೈಲ್ಸ್ ಅಥವಾ ಅಮೃತಶಿಲೆಯ ನೆಲದಲ್ಲಿ ಎಂಡ್‌ಪಿನ್‌ನ (ಬೇಸ್ ನಿಲ್ಲುವ ತಳದ ಕಡ್ಡಿ) ರಬ್ಬರ್ ತುದಿ ಜಾರುತ್ತದೆ. 18 ಮಿ.ಮೀ. ಪ್ಲೈವುಡ್ ಹಲಗೆ, ಮೂರಡಿ ನಾಲ್ಕಡಿ ಅಳತೆಯದು, ಕೆಳಗೆ ರಬ್ಬರ್ ಮ್ಯಾಟ್ ಅಂಟಿಸಿ ಒಯ್ಯುತ್ತೇನೆ. ಅದರ ಮೇಲೆ ರಬ್ಬರ್ ತೆಗೆದು ಮೊನೆಯನ್ನೇ ಊರಬಹುದು.

ಉದ್ದ ಸರಳಿನ ಸೀಲಿಂಗ್ ಫ್ಯಾನ್‌ಗಳ ಕೆಳಗೆ ದೀರ್ಘ ಸ್ವರ ನುಡಿಸಿದರೆ ರೆಕ್ಕೆಗಳ ಲಯಕ್ಕೆ ನಾದ ನಡುಗುತ್ತದೆ, ಹಾಳೆಗಳೂ ಹಾರುತ್ತವೆ. ತಲೆಯ ಮೇಲಿನ ಎರಡನ್ನು ನಿಲ್ಲಿಸಿ, ಸಭಿಕರ ಕಡೆಯವು ಓಡಲಿ. ಟ್ಯೂನರ್ ಬಂದಾಗಲೂ ಇದೇ ವ್ಯವಸ್ಥೆ ಇರಲಿ. ಕಮಾನಿನ ಕೂದಲಿಗೆ ಹಚ್ಚುವ ಬೇಸ್‌ನ ಮೆದು ರೋಸಿನ್ (ರಾಳ) ಏಪ್ರಿಲ್ ಬಿಸಿಲಿಗೆ ಕಾರಿನಲ್ಲೇ ಕರಗಿ ಹರಿಯುತ್ತದೆ, ಕೈಚೀಲದಲ್ಲಿಡಿ. ಕರಾವಳಿಯ ಮಳೆಗಾಲದಲ್ಲಿ ಕಮಾನಿನ ಕೂದಲು ತೇವಕ್ಕೆ ಹಿಗ್ಗುವುದರಿಂದ ಪ್ರತಿ ಕೃತಿಗೆ ಮುಂಚೆ ಬಿಗಿ ನೋಡಿಕೊಳ್ಳಬೇಕು.

ಸ್ವಾಗತ ಭಾಷಣ ಮುಗಿದ ಕೂಡಲೇ ಮೈಕ್ ಮಾತ್ರವಲ್ಲ, ಆಂಪ್ಲಿಫೈಯರ್ ಕೂಡ ಆಫ್ ಆಗಲಿ. ತೆರೆದಿಟ್ಟ ಪ್ರಸಂಗ ಪೀಠದ ಮೈಕ್ ಬೇಸ್‌ನ ನಾದ ಹಿಡಿದು ಸ್ಪೀಕರ್‌ನಿಂದ ಊಳಿಡಲು ಶುರು ಮಾಡಿದರೆ, ಆ ಸ್ವಿಚ್ ಎಲ್ಲಿದೆ ಎಂದು ಗೊತ್ತಿರುವ ಒಬ್ಬರು ಹತ್ತಿರ ಇರಲೇಬೇಕು.