ಅಮೃತಸರದಲ್ಲಿ ಬಣ್ಣದ ಪೆಟ್ಟಿಗೆ ತೆರೆಯುವ ಮೊದಲು

ಸ್ಕೆಚ್ ಪುಸ್ತಕ ಹಿಡಿದು ಅಮೃತಸರಕ್ಕೆ ಹೊರಟಿದ್ದೀರಾ? ಮೊದಲ ದಿನ ಏನೂ ಬಿಡಿಸಬೇಡಿ. ನಾನು ಬೀದರಿನವನು, ನಮ್ಮೂರಿನ ಸಿಖ್ ಗುರುದ್ವಾರ ಗುರುನಾನಕ್ ಝೀರಾ ನೋಡಿಕೊಂಡೇ ಬೆಳೆದವನು. ಆದರೂ ಸ್ವರ್ಣಮಂದಿರದ ಮುಂದೆ ನಿಂತಾಗ ಕೈಯೇ ಓಡಲಿಲ್ಲ.

ಬೆಳಕು ಹರಿಯುವ ಮುಂಚೆ ಹೋಗಿ. ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಸರೋವರದ ಸುತ್ತ ಒಂದು ಪ್ರದಕ್ಷಿಣೆ ಸುಮ್ನೆ ನಡೆಯಿರಿ. ಆಮೇಲೆ ಲಂಗರ್, ಅಂದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಉಚಿತ ಊಟದ ಮನೆ. ಉಂಡು ಎದ್ದು ಬಂದುಬಿಡಬೇಡಿ, ಬೆಳ್ಳುಳ್ಳಿ ಸುಲಿಯುವವರ ಜೊತೆ ಕೂತುಕೊಳ್ಳಿ. ನಾನು ಒಂದು ಗಂಟೆ ಸುಲಿದೆ. ಪಕ್ಕದ ಅಜ್ಜಿ ಹಿಂದಿಯಲ್ಲಿ ಊರು ಕೇಳಿದರು. ‘ಬೀದರ್’ ಅಂದೆ. ‘ಭಾಯಿ ಸಾಹಿಬ್ ಸಿಂಗರ ಊರು!’ ಅಂತ ತಲೆ ಸವರಿದರು. ಗುರು ಗೋಬಿಂದ್ ಸಿಂಗರು ಕರೆದಾಗ ತಲೆ ಕೊಡಲು ಮುಂದೆ ಬಂದ ಐವರು ಪಂಜ್ ಪ್ಯಾರೆಗಳಲ್ಲಿ ಅವರೊಬ್ಬರು, ನಮ್ಮೂರಿನವರು, ಅಲ್ವಾ. ಅಜ್ಜಿಯ ಕೈಯಲ್ಲಿ ಬೆಳ್ಳುಳ್ಳಿ ವಾಸನೆ ಇತ್ತು. ಅಪ್ಪ ತೀರಿಕೊಂಡ ಮೇಲೆ ದೇವರಿಗೆ ಕೈ ಮುಗಿಯುವುದನ್ನೇ ಬಿಟ್ಟಿದ್ದೆ. ಅವತ್ತು ಮುಗಿದೆ.

ಮರುದಿನ ಅಲ್ಲಿ ಸೇವೆ ಮಾಡುವ ಸೇವಾದಾರರನ್ನು ಕೇಳಿಕೊಂಡು, ಕಾಲು ಮಡಚಿ ಕೂತು ಬಿಡಿಸಿ. ಸರೋವರಕ್ಕೆ ಕುಂಚ ಅದ್ದಲೇಬಾರದು, ಬಾಟಲಿಯಲ್ಲಿ ನೀರು ಒಯ್ಯಿರಿ. ಚಿನ್ನದ ಬಣ್ಣದ ಟ್ಯೂಬ್ ಬೇಡ. ಮಣ್ಣಿನ ಹಳದಿಯ ಯೆಲ್ಲೋ ಓಕರ್‌ಗೆ ಚೂರು ಕೆಂಗಂದಿನ ಬರ್ನ್ಟ್ ಸಿಯೆನ್ನಾ ಸೇರಿಸಿ, ಜಾಸ್ತಿ ಹೊಳೆಯುವ ಕಡೆ ಕಾಗದವನ್ನು ಬಿಳಿಯಾಗೇ ಬಿಡಿ. ನೀರಿನ ಬಿಂಬಕ್ಕೆ ಅದೇ ಬಣ್ಣ, ಸ್ವಲ್ಪ ಗಾಢವಾಗಿ.

ಲಂಗರ್‌ನ ಚಿತ್ರ ಮಾತ್ರ ರೂಮಿಗೆ ಬಂದು ನೆನಪಿನಿಂದ ಬಿಡಿಸಿ. ರೊಟ್ಟಿಗೆ ಚಾಚಿದ ಬೊಗಸೆಗಳಿಂದ ಶುರುಮಾಡಿ.