ದಾರಿಹೋಕರನ್ನು ಕಂಡರೆ ನಾಯಿ ಹಾರುತ್ತಾ? ಮೊದಲು ದೂರ ನೋಡಿಕೊಳ್ಳಿ

ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ದಿನಾ ನೋಡುತ್ತೇನೆ. ಎದುರಿಂದ ಸೊಪ್ಪಿನ ಗಾಡಿ ಬರುತ್ತದೆ, ಯಾರದೋ ನಾಯಿ ಬೊಗಳಿ ಹಾರುತ್ತದೆ, ಹಿಡಿದವರು ಬೆಲ್ಟ್ ಜಗ್ಗಿ ‘ಏಯ್, ಸುಮ್ನಿರು’ ಎಂದು ಗದರುತ್ತಾರೆ. ನಾಯಿ ಇನ್ನೂ ಜಾಸ್ತಿ ಹಾರುತ್ತದೆ. ಗಾಡಿ ಬಂದಾಗಲೆಲ್ಲ ಕುತ್ತಿಗೆ ನೋಯುತ್ತದೆ ಅಂದಮೇಲೆ ಅದಕ್ಕೆ ಗಾಡಿ ಕಂಡರೆ ಆಗುತ್ತಾ? ಹೀಗೆ ಬೊಗಳುವ ಎಷ್ಟೋ ನಾಯಿಗಳು ಒಳಗೊಳಗೇ ಹೆದರಿರುತ್ತವೆ. ನಮ್ಮ ಬೀದಿನಾಯಿ ಮರಿ ಚಿನ್ನಿಯೂ ಹಾಗೇ ಇದ್ದಳು.

ಹಂತ 1: ಪಶುವೈದ್ಯರಿಗೆ ತೋರಿಸಿ. ಮೈಯಲ್ಲಿ ನೋವಿದ್ದರೂ ನಾಯಿ ಸಿಡುಕುತ್ತದೆ. ರೇಬಿಸ್ ಲಸಿಕೆ ತಪ್ಪಿಸಲೇಬೇಡಿ.

ಹಂತ 2: ಎದೆಗೆ ಹಾಕುವ ಹಾರ್ನೆಸ್, ಆರಡಿಯ ಗಟ್ಟಿ ಲೀಶ್ (ಕೈಯಲ್ಲಿ ಹಿಡಿಯುವ ಪಟ್ಟಿ) ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ತರಬೇಡಿ, ಬೇಕಾದಾಗ ನಾಯಿ ಕೈಗೆ ಸಿಗುವುದಿಲ್ಲ. ಮುಳ್ಳಿನ ಕಾಲರ್, ಶಾಕ್ ಕಾಲರ್ ಮನೆಗೇ ಬರಬಾರದು. ‘ಎರಡೇ ದಿನದಲ್ಲಿ ಸರಿಯಾಯ್ತು’ ಅನ್ನುತ್ತಾರೆ. ಬೊಗಳುವುದು ನಿಂತಿರುತ್ತದೆ, ಹೆದರಿಕೆ ಹಾಗೇ ಉಳಿದಿರುತ್ತದೆ. ಅಂಥ ನಾಯಿ ಮುನ್ಸೂಚನೆ ಕೊಡದೆ ಕಚ್ಚಬಹುದು.

ಹಂತ 3: ಎಲ್ಲರೂ ಎಡವುವುದು ಇಲ್ಲೇ. ನಿಮ್ಮ ನಾಯಿ ಎಷ್ಟು ದೂರದಲ್ಲಿ ಜನರನ್ನು ನೋಡಿಯೂ ಸಮಾಧಾನವಾಗಿರುತ್ತದೆ? ಚಿನ್ನಿಗೆ ಮೊದಲು 50 ಅಡಿ ಬೇಕಿತ್ತು. ಅಗಲ ರಸ್ತೆಯೋ ಖಾಲಿ ಮೈದಾನದ ಅಂಚೋ ಹುಡುಕಿ, ಅಷ್ಟು ದೂರದಲ್ಲಿ ನಿಲ್ಲಿ. ಜೇಬಿನಲ್ಲಿ ಬೇಯಿಸಿದ ಮೂಳೆಯಿಲ್ಲದ ಕೋಳಿ ಇರಲಿ, ಬಟಾಣಿ ಗಾತ್ರದ ಚೂರುಗಳು. ಉಪ್ಪು, ಈರುಳ್ಳಿ ಬೇಡ. ಮಾಂಸ ತರದ ಮನೆಯಾದರೆ ಪನೀರ್ ಆಗುತ್ತದೆ. ದಿನಾ ಸಿಗುವ ಬಿಸ್ಕತ್ತಿಗೆ ರಸ್ತೆಯಲ್ಲಿ ಬೆಲೆ ಇಲ್ಲ.

ಈಗ ನಾಯಿಯ ಮುಖ ನೋಡುತ್ತಿರಿ. ಆಡುತ್ತಿದ್ದ ಬಾಯಿ ಮುಚ್ಚುತ್ತದೆ, ಕಿವಿ ಮುಂದಕ್ಕೆ ಬರುತ್ತದೆ, ಬಾಲ ಸೆಟೆಯುತ್ತದೆ, ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಇಷ್ಟಾದರೆ ದೂರ ಸಾಲದು, ಹಿಂದೆ ಸರಿಯಿರಿ. ಕ್ರಮ ಮಾತ್ರ ತಪ್ಪಬಾರದು. ನಾಯಿ ಮೊದಲು ಮನುಷ್ಯನನ್ನು ನೋಡಬೇಕು, ತಕ್ಷಣ ಕೋಳಿ ಬಾಯಿಗೆ ಬರಬೇಕು. ಮನುಷ್ಯ ಕಣ್ಮರೆಯಾದರೆ ಕೋಳಿಯೂ ಬಂದ್. ಕೋಳಿ ಮೊದಲೇ ತೋರಿಸಿ ಗಮನ ಸೆಳೆದರೆ ನಾಯಿ ಜನರನ್ನು ನೋಡುವುದೇ ಇಲ್ಲ, ಹಾಗಾಗಿ ಏನೂ ಕಲಿಯುವುದಿಲ್ಲ. ಹತ್ತು ನಿಮಿಷ ಮಾಡಿ, ಮನೆಗೆ ಬನ್ನಿ. ಕೆಲವು ವಾರದಲ್ಲಿ ಒಂದು ದಿನ ಅದು ದಾರಿಹೋಕರನ್ನು ನೋಡಿ, ‘ಎಲ್ಲಿ ನಂದು?’ ಅನ್ನುವ ಹಾಗೆ ತಾನಾಗಿ ನಿಮ್ಮ ಕಡೆ ತಿರುಗುತ್ತದೆ. ಆಮೇಲೆ ಎರಡು ಹೆಜ್ಜೆ ಹತ್ತಿರ ಹೋಗಿ. ಎರಡೇ.

ಇದೆಲ್ಲ ನಿಧಾನ ಅನ್ನಿಸಬಹುದು. ಆದರೆ ದಸರಾ ಆನೆ, ಕುದುರೆಗಳಿಗೂ ಸದ್ದು ಅಭ್ಯಾಸವಾಗಲಿ ಅಂತ ಜಂಬೂಸವಾರಿಗೆ ಮುಂಚೆಯೇ ಕುಶಾಲತೋಪಿನ, ಅಂದರೆ ಫಿರಂಗಿ ಸಿಡಿಸುವ ತಾಲೀಮು ಮಾಡಿಸುತ್ತಾರೆ ಅಲ್ವಾ? 21 ಸುತ್ತಿನ ಸದ್ದು ಒಂದೇ ಸಲ ಕೇಳಿಸಿದರೆ ಆನೆಯೇ ಬೆದರುತ್ತದೆ, ನಾಯಿಯ ಪಾಡೇನು.

ಹಂತ 4: ತಿರುವಿನಲ್ಲಿ ಯಾರಾದರೂ ದಿಢೀರ್ ಎದುರಾದರೆ ‘ಬಾ’ ಎಂದು ಖುಷಿಯಿಂದ ಕರೆದು ಬಂದ ದಾರಿಯಲ್ಲೇ ತಿರುಗಿ. ಇದನ್ನು ಮನೆಯ ಹಜಾರದಲ್ಲೇ ರೂಢಿ ಮಾಡಿಸಿರಿ. ಪಕ್ಕದಲ್ಲಿ ಕಾರು ನಿಂತಿದ್ದರೆ ಅದರ ಮರೆಗೆ ಹೋದರೂ ಆಯಿತು. ಹಾಗೂ ಹಾರಿಬಿಟ್ಟರೆ ಬೈಯಬೇಡಿ, ದೂರ ಕರೆದೊಯ್ಯಿರಿ. ಮಾರನೆಯ ದಿನ ಜನರಿಲ್ಲದ ಕಡೆ ಸುಮ್ನೆ ಮೂಸಿಕೊಂಡು ಓಡಾಡಲಿ, ಆ ದಿಗಿಲು ಇಳಿಯಲು ಸಮಯ ಬೇಕು.

ಹಿಂದೆ ಕಚ್ಚಿದ ನಾಯಿಯಾದರೆ ಬುಟ್ಟಿಯಂಥ ಮಜಲ್ (ಬಾಯಿಗೆ ಹಾಕುವ ಕುಕ್ಕೆ) ಅಭ್ಯಾಸ ಮಾಡಿಸಿ, ಅದರಲ್ಲಿ ನೀರು ಕುಡಿಯಬಹುದು, ಏದುಸಿರೂ ಬಿಡಬಹುದು. ಬಾಯಿ ಬಿಗಿಯುವ ಬಟ್ಟೆಯದು ಬೇಡ. ಹೊಡೆದು ಕಲಿಸುವ ತರಬೇತುದಾರರ ಕೈಗೂ ಕೊಡಬೇಡಿ. ನಾನು ಒಮ್ಮೆ ಕೊಟ್ಟಿದ್ದೆ. ವಾರದ ನಂತರ ಚಿನ್ನಿ ಲೀಶ್ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದಳು.

ಈಗ ಸೊಪ್ಪಿನ ಗಾಡಿ ಹತ್ತು ಅಡಿಯಲ್ಲಿ ಹೋದರೂ ನನ್ನ ಮುಖ ನೋಡುತ್ತಾಳೆ. ಬಿಚ್ಚಿದ ಕೊಡೆಗೆ ಮಾತ್ರ ಇನ್ನೂ 30 ಅಡಿ ಬೇಕು. ಮಳೆಗಾಲದಲ್ಲಿ ರಸ್ತೆಯ ಆಚೆ ಬದಿಯಲ್ಲೇ ನಡೆಯುತ್ತೇವೆ.